ಅರುಣ ಹೇಳಿದ ನಾಲ್ಕು ಕಿಲೋವ್ಯಾಟ್

ತಿಕೋಟಾ ಬಸ್ ನಿಲ್ದಾಣಕ್ಕೆ ನನ್ನ ಮೈದುನ ಸಂಗು ಬೈಕು ತಂದಿದ್ದ. ಕನಮಡಿ ರಸ್ತೆಗೆ ಹೊರಳುವ ಮೊದಲೇ ಶುರುಮಾಡಿದ.

"ವೈನಿ, ಬಬಲೇಶ್ವರದಿಂದ ಗಿರಣಿ ಬಂದೈತ್ರಿ. ಐದು ಹಾರ್ಸ್ ಪವರ್. ಮಶಾಕಸಾಬ ಇವತ್ತ ಬೋಲ್ಟ್ ಹಾಕಿ ಕೂಡಸ್ತಾನ. ನೀವೊಮ್ಮೆ ಕರೆಂಟಿನ ಲೆಕ್ಕಾ ನೋಡಿಬಿಡ್ರಿ."

"ಅವರು ಮಾಡಿದ್ರಲ್ಲ."

"ಅಣ್ಣ ಮಾಡಿದ್ದ. ಆದ್ರೂ ಅವ್ವ ನೀವ ನೋಡಬೇಕಂತಾಳ."

ಅದು ನನ್ನ ಗಂಡ ಅರುಣನ ಯೋಚನೆ. ದಿಬ್ಬದ ಮೇಲಿನ ಹೊಂಡದಿಂದ ಕೆಳಗೆ ದ್ರಾಕ್ಷಿ ತೋಟದ ಹೊಂಡಕ್ಕೆ ಪೈಪಿನಲ್ಲಿ ನೀರು ತಾನಾಗಿ ಇಳಿಯುತ್ತದೆ. ಪೈಪಿನ ತುದಿಗೆ ಹಳೆಯ ಪಂಪನ್ನು ಉಲ್ಟಾ ತಿರುಗುವಂತೆ ಕೂಡಿಸಿದರೆ ಅದೇ ಟರ್ಬೈನ್. ಹಾಗೆಂದು ಅವನು ಅವ್ವನ ಎದುರು ಊಟಕ್ಕೆ ಕೂತಾಗ ಹೇಳಿದ್ದ. "ನಾಲ್ಕು ಕಿಲೋವ್ಯಾಟ್ ಬೇ ಯವ್ವಾ. ನಿನ್ನ ಗಿರಣಿ ಇಲ್ಲೇ ನಡೀತೈತಿ. ಎಳ್ಳಮಾಸಿಗಿ ಸಜ್ಜಿ ಮನ್ಯಾಗ ಬೀಸು."

ಆ ಎಳ್ಳ ಅಮಾವಾಸ್ಯೆಗೆ ಮೊದಲೇ ಅವನು ತೀರಿಕೊಂಡ. ಈಗ ಬರುವುದು ಎರಡನೆಯದು. ಅತ್ತೆ ಲಕ್ಕವ್ವ ಬಂದವರಿಗೆಲ್ಲ "ನನ್ನ ಮಗ ನಾಕು ಹೇಳ್ಯಾನ" ಎನ್ನುತ್ತಾಳೆ, ಮೊಮ್ಮಗನ ಹೆಸರು ಹೇಳಿದ ಹಾಗೆ.

ತೋಟದಲ್ಲಿ ಮಿಸ್ತ್ರಿ ಮಶಾಕಸಾಬ ಗಿರಣಿಯನ್ನು ಗಾಡಿಯಿಂದ ಇಳಿಸಿ ಅದರ ಮೇಲೇ ಕೂತು ಚಹಾ ಕುಡಿಯುತ್ತಿದ್ದ. ನಾನು ಪೈಪಿನ ಗೇಜು ನೋಡಿದೆ. ನೀರು ತಡೆಯುವ ವಾಲ್ ಮುಚ್ಚಿತ್ತು. ಒತ್ತಡದ ಮುಳ್ಳು ಮೂರು ಕೆಜಿಯ ಮೇಲೆ.

"ಅಣ್ಣನೂ ಮೂರ ಅಂದಿದ್ದ," ಎಂದ ಸಂಗು.

"ನೀರು ಎಷ್ಟು ಅಂದಿದ್ರು?"

"ಸೆಕೆಂಡಿಗೆ ಇಪ್ಪತ್ತು ಲೀಟರ್. ಬ್ಯಾರಲ್ ಹಿಡದು ನಾನ ಅಳದೇನಿ."

ಒಂದು ಕೆಜಿ ಒತ್ತಡದಲ್ಲಿ ಸೆಕೆಂಡಿಗೆ ಒಂದು ಲೀಟರ್ ಹರಿದರೆ ಹೆಚ್ಚೂಕಡಿಮೆ ನೂರು ವ್ಯಾಟ್. ಮೂರು ಕೆಜಿ, ಇಪ್ಪತ್ತು ಲೀಟರ್: ಆರು ಸಾವಿರ. ಯಂತ್ರದಲ್ಲಿ ಮೂರನೇ ಒಂದು ಪಾಲು ಹಾಳಾಗುತ್ತದೆ. ಉಳಿದದ್ದು ನಾಲ್ಕು ಕಿಲೋವ್ಯಾಟ್. ಗುಣಾಕಾರ ಸರಿ ಇತ್ತು.

"ವಾಲ್ ತೆಗಿ," ಎಂದೆ.

ನೀರು ಹೊಂಡಕ್ಕೆ ದುಮುಕಿತು. ಗೇಜಿನ ಮುಳ್ಳು ಸೊನ್ನೆಯ ಹತ್ತಿರ ಬಂದು ನಿಂತಿತು.

"ಇದೇನ್ರಿ, ಮಲಕೊಂಡ್ಬಿಡ್ತು!" ಎಂದ ಸಂಗು. ಗೇಜನ್ನು ಬೆರಳಿನಿಂದ ಬಡಿದ.

ಜಲನಗರದ ನಮ್ಮ ಮನೆಯಲ್ಲಿ ಸಂಜೆ ಗಿಡಗಳಿಗೆ ನೀರು ಬಿಡುವುದು ಅರುಣನ ಕೆಲಸವಾಗಿತ್ತು. ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿ, "ಫಿಸಿಕ್ಸ್ ಮೇಡಮ್ಮರ, ಒತ್ತಡ ನೋಡ್ರಿ" ಎನ್ನುತ್ತಿದ್ದ. ಪೂರ್ತಿ ಮುಚ್ಚಿದರೆ ಬೆರಳು ನೋಯುತ್ತಿತ್ತು, ನೀರು ಬರುತ್ತಿರಲಿಲ್ಲ. ಪೂರ್ತಿ ಬಿಟ್ಟರೆ ಅವನ ಕಾಲಬುಡದಲ್ಲೇ ಬೀಳುತ್ತಿತ್ತು. ಅರ್ಧ ಬಿಟ್ಟಾಗ ಮಾತ್ರ ಕಾಲೇಜಿನಿಂದ ಬಂದು ಗೇಟು ತೆಗೆಯುತ್ತಿದ್ದ ನನ್ನ ಸೀರೆಯವರೆಗೆ ಹಾರುತ್ತಿತ್ತು. ಎಷ್ಟು ಬಿಡಬೇಕೆಂದು ಅವನ ಬೆರಳಿಗೆ ಗೊತ್ತಿತ್ತು.

ಇಲ್ಲಿ ಮಾತ್ರ ಮುಚ್ಚಿದ ವಾಲಿನ ಒತ್ತಡವನ್ನು ತೆರೆದ ವಾಲಿನ ನೀರಿಗೆ ಗುಣಿಸಿದ್ದ. ಅವೆರಡೂ ಒಟ್ಟಿಗೆ ಸಿಗುವುದಿಲ್ಲ.

ವಾಲನ್ನು ಸ್ವಲ್ಪ ಸ್ವಲ್ಪವೇ ಮುಚ್ಚಿಸುತ್ತ, ಪ್ರತಿ ಸಲ ಬ್ಯಾರಲ್ ಹಿಡಿಸಿ ಅಳೆದೆ. ಮುಳ್ಳು ಎರಡಕ್ಕೆ ಬಂದಾಗ ಲೆಕ್ಕ ಎಲ್ಲಕ್ಕಿಂತ ಹೆಚ್ಚು ಬಂತು. ಆಗ ನೀರು ಹನ್ನೊಂದೂವರೆ ಲೀಟರ್. ಯಂತ್ರದ ಪಾಲು ಕಳೆದು ಒಂದೂವರೆ ಕಿಲೋವ್ಯಾಟ್.

ಲಕ್ಕವ್ವ ಸೆರಗಿಗೆ ಕೈ ಒರೆಸುತ್ತ ಬಂದಳು. "ನಾಕು ಬಂತಿಲ್ಲೋ?"

ಸಂಗು ನನ್ನ ಕಡೆ ನೋಡಿದ. ಮಶಾಕಸಾಬ ಗಿರಣಿಯಿಂದ ಎದ್ದು ನಿಂತ. ನಾಲ್ಕು ಎನ್ನಬಹುದಿತ್ತು. ಬೋಲ್ಟ್ ಹಾಕಿದ ಮೇಲೆ ಗಿರಣಿ ಓಡದಿದ್ದರೆ ಪಂಪಿನ ತಪ್ಪೆಂದು ಹೇಳಿದರೂ ನಡೆಯುತ್ತಿತ್ತು.

"ಒಂದೂವರಿ, ಅತ್ತಿ. ಈ ಗಿರಣಿ ನಡ್ಯಾಂಗಿಲ್ಲ."

ಆಕೆ ಪೈಪನ್ನು ನೋಡುತ್ತ ನಿಂತಳು. "ಅಂವ ನನಗ ಸುಳ್ಳ ಹೇಳಿದ್ನೇನ?"

"ಇಲ್ರಿ. ವಾಲ್ ಮುಚ್ಚಿದ್ದಾಗ ಒತ್ತಡ ನೋಡ್ಯಾರ. ತೆಗದ ಮ್ಯಾಲೆ ನೋಡಿಲ್ಲ."

ಆಕೆ ಪೈಪಿನ ಮೇಲೆ ಕೈ ಇಟ್ಟಳು. ಆಮೇಲೆ ಮೂಗಿನಲ್ಲೇ ನಕ್ಕಳು.

"ಅಂವಾ ಯಾವಾಗ ತಡದಾನ? ಕುದಿ ಬರೂದ್ರಾಗ ಚಾ ಸೋಸಾಂವ. ಲಗ್ನಕ್ಕ ಮದ್ಲ ನಿನ್ನ ನೋಡಾಕ ಬಂದಾಗ ಅಂಗಿಗಿ ಗುಂಡಿ ಹಾಕೂದ ಮರತಿದ್ದ."

"ನೋಡೇನ್ರಿ," ಎಂದೆ. ನಡುವಿನ ಒಂದು ಗುಂಡಿ. ಅದನ್ನು ನಾನು ಅವನಿಗೆ ಎಂದೂ ಹೇಳಿರಲಿಲ್ಲ.

"ಒಂದೂವರಿಗಿ ಏನ ನಡೀತೈತಿ?"

"ಒಂದು ಹಾರ್ಸ್ ಪವರಿನ ಸಣ್ಣ ಗಿರಣಿ. ಹಿಟ್ಟು ಸಾವಕಾಶ ಬೀಳ್ತೈತಿ."

"ಬೀಳ್ಲಿ. ಈಗ ಯಾರಿಗಿ ಅವಸರ ಐತಿ?"

"ಹಂಗಾರ ಇದನ್ನ ಹೊಳ್ಳಿ ಒಯ್ತೀನ್ ಬೇ ಯವ್ವಾ," ಎಂದ ಮಶಾಕಸಾಬ. "ಗಿರಣಿಗೇನ ಸಿಟ್ಟ ಬರಂಗಿಲ್ಲ. ನನ್ನ ಸೊಂಟಕ್ಕ ಬರತೈತಿ."

ಎಳ್ಳಮಾಸಿಯ ಹಿಂದಿನ ದಿನ ಮತ್ತೆ ಹೋದೆ. ಸಂಗು ವಾಲಿನ ಚಕ್ರದ ಮೇಲೆ ಕೆಂಪು ಬಣ್ಣದ ಗುರುತು ಹಾಕಿದ್ದ, ಅಲ್ಲಿಯವರೆಗೆ ಮಾತ್ರ ತಿರುಗಿಸಬೇಕೆಂದು. ಲಕ್ಕವ್ವ ಹೊಸ ಸಣ್ಣ ಗಿರಣಿಗೆ ಕುಂಕುಮ ಹಚ್ಚಿ ಸಜ್ಜೆ ಸುರಿದಳು. ಸ್ವಲ್ಪ ಹೊತ್ತು ಏನೂ ಬರಲಿಲ್ಲ. ಆಮೇಲೆ ಹಿಟ್ಟು ಎಳೆಯಾಗಿ ಇಳಿಯತೊಡಗಿತು.

"ಕೈ ಹಿಡಿ," ಎಂದಳು.

ಹಿಡಿದೆ. ಹಿಟ್ಟು ಬೆಚ್ಚಗಿತ್ತು. ಅಂಗೈ ತುಂಬಿ ಬುಟ್ಟಿಗೆ ಚೆಲ್ಲತೊಡಗಿದರೂ ನಾನು ಕೈ ತೆಗೆಯಲಿಲ್ಲ, ಆಕೆ ತೆಗೆ ಎನ್ನಲಿಲ್ಲ.