ಅಮ್ಮ ತೇಪೆ ಹಾಕದ ತೂತು

ಅಮ್ಮನ ಹೊಲಿಗೆ ಕೋಣೆಗೆ ಇದ್ದದ್ದು ಒಂದೇ ಕಿಟಕಿ. ಬೆಳಕು ಬೇಕೆಂದು ತೆರೆದರೆ ಜೇನುನೊಣವೂ ಬರುತ್ತಿತ್ತು. ಗುರುತು ಹಾಕುವ ಸೀಮೆಸುಣ್ಣ, ಇಸ್ತ್ರಿಯಡಿಯ ಬಿಸಿ ಬಟ್ಟೆ, ಮಷಿನಿನ ಎಣ್ಣೆ, ಆ ಕೋಣೆಯ ವಾಸನೆ ಇವತ್ತಿಗೂ ನನ್ನ ಮೂಗಿನಲ್ಲಿದೆ.

ಜೇನುನೊಣ ಕಚ್ಚಿದರೆ ನನಗೆ ಒಂದು ಗುಳ್ಳೆ, ಅಷ್ಟೆ. ಅಕ್ಕನಿಗೆ ಹಾಗಲ್ಲ. ಒಮ್ಮೆ ಉಸಿರು ಸಿಗದೆ ಬಿದ್ದೇಬಿಟ್ಟಿದ್ದಳು. ಆಸ್ಪತ್ರೆಯಲ್ಲಿ ಬದುಕಿಸಿ, ಮತ್ತೆ ಹಾಗಾದರೆ ಕೂಡಲೇ ಚುಚ್ಚಲು ಎಪಿನೆಫ್ರಿನ್ ಮದ್ದು ತುಂಬಿದ ಇಂಜೆಕ್ಷನ್ ಪೆನ್ ಕೊಟ್ಟು ಕಳಿಸಿದರು. ಅಮ್ಮ ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದಳು.

ಹೊಲಿಯಲು ಕೊಟ್ಟಿದ್ದ ಅಂಗಿ ಒಯ್ಯಲು ಬಂದ ಮಹಡಿ ಮನೆಯ ನರ್ಸಕ್ಕ ಕೇಳಿದಳು, "ಪೆನ್ ಎಲ್ಲಿಟ್ಟಿದೀರಿ?"

"ಬೀರುವಲ್ಲಿ. ಭದ್ರವಾಗಿದೆ."

"ನೀವು ಬೀಗದ ಕೈ ಹುಡುಕೋವರೆಗೂ ಉಸಿರು ಕಾಯುತ್ತಾ ಅಕ್ಕಾ?"

ಮರುದಿನ ಅವಳು ಮದ್ದೂ ಸೂಜಿಯೂ ಇಲ್ಲದ ಅಭ್ಯಾಸದ ಪೆನ್ ತಂದಳು.

"ಇಪ್ಪತ್ತು ವರ್ಷದಿಂದ ಸೂಜಿ ಹಿಡಿದವಳಿಗೆ ಪಾಠವಾ?" ಎನ್ನುತ್ತ ಅಮ್ಮ ಅದನ್ನು ಕೈಸೂಜಿಯಂತೆಯೇ ಹಿಡಿದಳು, ಹಿಂದಿನ ತುದಿಗೆ ಹೆಬ್ಬೆರಳು ಒತ್ತಿ.

"ಅಲ್ಲೇ ತಪ್ಪಿದ್ರಿ. ಗಾಬರೀಲಿ ಪೆನ್ ತಿರುಗುಮುರುಗಾದ್ರೆ ಸೂಜಿ ನಿಮ್ಮ ಹೆಬ್ಬೆರಳಿಗೇ. ಮುಷ್ಟೀಲಿ ಹಿಡೀರಿ. ಮುಚ್ಚಳ ತೆಗೆದು ತೊಡೆಯ ಹೊರಮಗ್ಗುಲಿಗೆ, ಮಧ್ಯಕ್ಕೆ ಒತ್ತಿ. ಈ ಪೆನ್ನಿಗೆ ಹತ್ತು ಎಣಿಸಬೇಕು. ಬಟ್ಟೆ ಮೇಲೇ ಆಗುತ್ತೆ."

"ಬಟ್ಟೆ ಮೇಲಾ? ತೂತು ಬೀಳಲ್ವೇನಮ್ಮ?"

"ಬಟ್ಟೆಗೆ ತೇಪೆ ಹಾಕಬಹುದು ಅಕ್ಕಾ. ಮಗಳಿಗೆ ಹಾಕೋಕಾಗುತ್ತಾ?"

ಅಮ್ಮ ದಿಂಬಿನ ಮೇಲೆ ಒತ್ತಿ ಒತ್ತಿ ಕಲಿತಳು. ನಿಜವಾದ ಪೆನ್ ಮಷಿನಿನ ಡ್ರಾಯರಿಗೆ ಬಂತು, ಬೀಗವಿಲ್ಲದೆ.

ಎರಡು ತಿಂಗಳಾಗಿರಬಹುದು. ಗುಂಡಿ ಹೊಲಿಯುತ್ತಿದ್ದ ಅಕ್ಕನ ಕುತ್ತಿಗೆಗೆ ಜೇನುನೊಣ ಕಚ್ಚಿತು. ತುಟಿ ಊದಿತು, ದನಿ ಅಡಗಿತು, ಉಸಿರು ಸುಯ್‌ಗುಟ್ಟಿತು. ಅಮ್ಮ ಪೆನ್ ತೆಗೆದಳು. ಹೆಬ್ಬೆರಳು ರೂಢಿಯಂತೆ ತುದಿಗೇ ಹೋಯಿತು. ಅಮ್ಮ ಅದನ್ನು ನೋಡಿದಳು, ಮಡಚಿ ಮುಷ್ಟಿ ಮಾಡಿದಳು. ಜೇಬು, ಹೊಲಿಗೆ ತಪ್ಪಿಸಿ, ತಾನೇ ಹೊಲಿದ ದಪ್ಪ ಪ್ಯಾಂಟಿನ ಮೇಲೆ ಒತ್ತಿ ಗಟ್ಟಿಯಾಗಿ ಹತ್ತು ಎಣಿಸಿದಳು. ನಾನು ಆಂಬುಲೆನ್ಸಿಗೆ ಫೋನ್ ಮಾಡಿದೆ. ಅಕ್ಕನನ್ನು ಏಳಲು ಬಿಡದೆ, ಕಾಲು ಚಾಚಿಸಿ ಕೂರಿಸಿಕೊಂಡೆವು.

ಆಂಬುಲೆನ್ಸ್ ಬರುವಷ್ಟರಲ್ಲಿ ಅಕ್ಕನ ದನಿ ಬಂತು. "ಅಮ್ಮಾ, ಹೊಸಾ ಪ್ಯಾಂಟು."

"ಬಾಯ್ಮುಚ್ಚೇ," ಎಂದು ಅಮ್ಮ ಅತ್ತಳು.

ಊರವರ ಹರಿದದ್ದನ್ನೆಲ್ಲ ಹೊಲಿದುಕೊಟ್ಟ ಅಮ್ಮ, ಆ ಒಂದು ತೂತಿಗೆ ಮಾತ್ರ ಕೊನೆಯವರೆಗೂ ಸೂಜಿ ಹಚ್ಚಲಿಲ್ಲ. ಈಗ ಅಮ್ಮನಿಲ್ಲ, ಪ್ಯಾಂಟು ನನ್ನ ಹತ್ತಿರವಿದೆ. ಬಂದಾಗಲೆಲ್ಲ ಅಕ್ಕ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಾಳೆ.

ನಿಮ್ಮ ಮನೆಯಲ್ಲೂ ಯಾರಿಗಾದರೂ ವೈದ್ಯರು ಈ ಪೆನ್ ಕೊಟ್ಟಿದ್ದರೆ ಇವತ್ತೇ ಬೀರುವಿನಿಂದ ಹೊರಗೆ ತನ್ನಿ. ಅದರ ಅವಧಿ ಮುಗಿದಿದೆಯೇ ನೋಡಿ. ಎಷ್ಟು ಹೊತ್ತು ಒತ್ತಬೇಕೆಂದು ಅದರ ಮೇಲೇ ಬರೆದಿರುತ್ತದೆ. ಮನೆಯವರೆಲ್ಲ ಓದಿ, ಹಿಡಿಯಲು ಕಲಿಯಿರಿ. ಅಲರ್ಜಿಯಿಂದ ಉಸಿರು ಕಟ್ಟಿದಾಗ ಮಾತ್ರೆ ನುಂಗಿಸಿ ಕಾಯಬೇಡಿ. ಮೊದಲು ಪೆನ್, ಕೂಡಲೇ ಆಂಬುಲೆನ್ಸ್. ಚೇತರಿಸಿಕೊಂಡಂತೆ ಕಂಡರೂ ಆಸ್ಪತ್ರೆಗೆ ಹೋಗಲೇಬೇಕು.

ಬಟ್ಟೆಯ ಚಿಂತೆ ಬಿಡಿ. ಆ ತೂತು ಹಾಗೇ ಇರಲಿ.