ಹೋತಪ್ಪ ಮಾಸ್ತರನ ಕಫ

ಮತ್ತ ಬಂತು ವಾಸನಿ, ಸ್ಟುಡಿಯೋದ ಮೈಕಿನ ಸ್ಪಂಜಿಂದು, ಯಾರ್ಯಾರೋ ಉಗುಳು ಹಾರಿಸಿ ಹೋದದ್ದು, ಮುಂಜಾನಿ ಕಪ್ಪಿ ಪಾತ್ರದಾಂವ ವಡಾಪಾವ್ ತಿಂದು ಬಂದಿದ್ನಲ್ಲ, ಅವನ ಬಳ್ಳೊಳ್ಳಿ ಇನ್ನೂ ಅಲ್ಲೇ ಠಿಕಾಣಿ ಹೂಡೇದ — ಶಿವರಾಜ ಮೂಗು ಆಚಿ ತಿರುಗಿಸಿದಾ, ತಿರುಗಿಸಿದ್ರ ಗಾಜು, ಗಾಜಿನ ಆಚಿ ಸೋಫಾ, ಸೋಫಾದ ಮ್ಯಾಲ ಇವಂಗ ಸಾಲಿ ಕಲಿಸಿದ ಕಾಡಪ್ಪ ಮಾಸ್ತರ, ಹಂಗಾಗಿ ಮತ್ತ ಸ್ಪಂಜಿನ ಕಡೇನ ಹೊಳ್ಳಿದಾ, ಹೊಲಸಿದ್ರೂ ಸ್ಪಂಜಿಗೆ ಕಣ್ಣಿಲ್ಲಲ್ಲ. ಎದುರಿನ ಟಿವಿಯಾಗ ಹೋತಪ್ಪ ಮಾಸ್ತರ, ಕಾರ್ಟೂನಿನ ಮುದಿ ಹೋತ, ಕಾಡುಪ್ರಾಣಿಗಳ ಸಾಲಿಗೆ ಹೆಡ್‌ಮಾಸ್ತರ, ಮೂಗಿನ ತುದಿಗೆ ಚಸ್ಮಾ, ಗಡ್ಡದ ತುಂಬ ಬೋರ್ಡಿಗೆ ಬರಿಯೂ ಖಡುವಿನ ಪುಡಿ, ಬಾಯಿ ತಗದಾನ, ತಗದಂವ ಹಂಗ ನಿಂತಾನ, ಮೇಲಿಂದ ಧ್ವನಿ ಬೀಳೋತನಕ ಹೋತಕ್ಕ ಬಾಯಿ ಮುಚ್ಚೋ ಹಕ್ಕಿಲ್ಲ. ಶಿವರಾಜ್, ಹೋದ ಟೇಕಲ್ಲಿ ಕಫ ಕಮ್ಮಿ ಆಯ್ತು ಮಾರಾಯ, ಇನ್ನೊಂಚೂರು ಕಫ ಹಾಕು, ಮಕ್ಕಳಿಗೆ ಅದೇ ಖುಷಿ — ಕಿವಿಯಾಗ ಪ್ರಫುಲ್ಲಾ ಮೇಡಂ, ಡಬ್ಬಿಂಗ್ ಮಾಡ್ಸೋರು, ಕುಂದಾಪುರದ ಕಡೆಯವ್ರು, ಕಫ ಹಾಕು ಅನ್ನೂದನ್ನ ಸಾರಿಗೆ ಉಪ್ಪು ಹಾಕು ಅಂದಂಗ ಅಂತಾರ. ಹಾಕ್ತಾನ, ಹಾಕಾಂವನ ಇವಾ, ವರ್ಷ ಆತು ಅದನ್ನ ಹಾಕೇ ಹೆಸರು ಮಾಡ್ಯಾನ, ಗಂಟಲದ ತಳದಿಂದ ಘರ್ರ್ ಅಂತ ಎಬ್ಬಸೂದು, ನಾಲಗಿ ಮ್ಯಾಲ ತಂದು ಕುಂಡ್ರಸೂದು, ನುಂಗೂದು, ಆಮ್ಯಾಲ ಏಽ ಮಂಗ್ಯಾ ಅನ್ನೂದು.

ನುಂಗೂದ ಮುಖ್ಯ ಅದರಾಗ, ಉಗುಳಿದ್ರ ಯಾರರೆ ಮುದುಕ, ನುಂಗಿದ್ರ ಕಾಡಪ್ಪ ಮಾಸ್ತರ — ಪುಣೆಯ ಕನ್ನಡ ಸಾಲಿ, ಏಳನೇ ಕ್ಲಾಸು, ಮುಂದಿನ ಬಾಕಿನ ಮ್ಯಾಲ ಇವಾ, ಮಾಸ್ತರು ತಪಕೀರು ಮೂಗಿಗೆ ಏರಿಸಿ ಕಂದು ಬಣ್ಣದ ವಸ್ತ್ರದಾಗ ಸೀನ್ತಾರ, ಅದೇ ವಸ್ತ್ರದಿಂದ ಬೋರ್ಡು ಒರಸ್ತಾರ, ಥೂ, ಆ ಬೋರ್ಡಿನ ಮ್ಯಾಲಿನ ಗಣಿತ ಇವತ್ತಿಗೂ ಇವಂಗ ಅಂಟಂಟು ಅನಸ್ತದ, ಏಽ ಮಂಗ್ಯಾ, ಸಾಲಿ ಅಂದ್ರ ನಿಮ್ಮಪ್ಪನ ಕಿರಾಣಿ ಅಂಗಡಿ ಅಂದ್ಕೊಂಡಿಯೇನು, ಕಾಯ್ ರೇ, ಊಠ್. ಬೈಗಳ ಕನ್ನಡದಾಗ ಶುರುವಾಗಿ, ಏನೋ, ಏಳ್ ಮ್ಯಾಲ ಅನ್ನೂದು ಮರಾಠ್ಯಾಗ ಇಳಿಯೂದು. ರಜಾ ಗಂಟಿ ಹೊಡದ್ರ ಸಾಕು ಇವಾ ಅದನ್ನೆಲ್ಲಾ ಮಾಡಿ ತೋರಸಾಂವಾ, ಹುಡುಗ್ರು ಉಳ್ಳಾಡಿ ನಗೋರು, ಹೀರೋ ಎಂಟ್ರಿ, ಸ್ಲೋ ಮೋಷನ್ನು, ಹಿಂದಿಂದ ಗಾಳಿ. ಆಡಿಷನ್ನಿನ್ಯಾಗೂ ಅದನ್ನ ಹೊಡದಾ, ಮೇಡಂ ಕುರ್ಚಿ ಬಿಟ್ಟು ಎದ್ರು, ಯಾರ ಧ್ವನಿ ಇದು, ನಂದ ರೀ ಮೇಡಂ, ನಾನ ಹುಟ್ಟಿಸೀನಿ. ಡಬ್ ಮಾಡೂದು ಪುಣೆಯಾಗ, ತೋರಸೂದು ಬೆಂಗಳೂರಿನ ಚಾನೆಲ್ಲು, ಇಲ್ಲಿ ಯಾಂವ ನೋಡ್ತಾನ, ಮಾಸ್ತರಿಗೆ ಗೊತ್ತಾಗೂದರೆ ಹೆಂಗ, ಯಾ ವಿಲನ್ನಿಗೂ ಇಷ್ಟು ಪಕ್ಕಾ ಪ್ಲ್ಯಾನ್ ಇರಂಗಿಲ್ಲ — ಕೇಬಲ್ಲಿನ ಏಕನಾಥನ್ನ ಮರತಿದ್ದಾ, ಮಾಸ್ತರ ಇರೂ ಧನಕವಡಿಯ ಏಕನಾಥ, ಕನ್ನಡದ ಒಂದಕ್ಷರ ಬರಂಗಿಲ್ಲ ಅವಂಗ, ಉಡುಪಿ ಹೊಟೇಲಿನವ್ರು ಕನ್ನಡ ಚಾನೆಲ್ಲು ಬೇಕಂತ ಗಂಟು ಬಿದ್ರು ಅಂತ ಡಿಶ್ ತಿರುಗಿಸಿದಾ, ಹೋತಪ್ಪ ಬಂದು ಕಾಡಪ್ಪ ಮಾಸ್ತರ ಪಡಸಾಲ್ಯಾಗ ಕುಂತಾ, ದಿನಾ ಸಂಜಿ ಐದಕ್ಕ.

ಈಗರೆ ಹೊರಗ ಸ್ಟುಡಿಯೋದ ಹಾದ್ಯಾಗ ಮಾಸ್ತರ ಮಗಳು ನೀತಕ್ಕ ಹಿಡಕೊಂಡ್ಳು, ಶಿವ್ಯಾ ಅಲ್ಲೇನೋ ನೀ, ಎಷ್ಟ ದೊಡ್ಡಾಂವ ಆಗಿ, ಅಪ್ಪಾಗ ಗಂಟಲದ ಆಪರೇಷನ್ ಆತಪ್ಪಾ, ಧ್ವನಿಪೆಟ್ಟಿಗೀನ ತಗದ್ರು, ಇನ್ನ ಮಾತಿಲ್ಲ, ಬರದು ತೋರಸ್ರಿ ಅಂತ ಪಾಟಿ ಕೊಟ್ರ ಒಗದ್ರು, ಐದಾತಂದ್ರ ಮಾತ್ರ ಕೋಟು ಹಾಕ್ಕೊಂಡು ಟಿವಿ ಮುಂದ ಕೂಡ್ತಾರ, ನಮ್ಮವ್ವ ಅಡಗಿಮನ್ಯಾಗಿಂದ ಏನ್ರೀ, ಕರದ್ರ್ಯಾ ಅಂತ ಓಡಿ ಬರ್ತಾಳ, ಬಂದು ನೋಡಿದ್ರ ಹೋತ ಮಾತಾಡಿರ್ತದ. ನಕ್ಕಳು ನೀತಕ್ಕ, ನಕ್ಕೊಂತ ಕಣ್ಣು ಒರಸಿಕೊಂಡ್ಳು, ಕಡೀಕ ಬರೂ ಸ್ಟುಡಿಯೋದ ಹೆಸರಿಗೆ ಬೆರಳು ಮಾಡಿ ಹಟ ಹಿಡದ್ರು, ಅದಕ್ಕ ಕರಕೊಂಡು ಬಂದೆ ನೋಡು. ಮಾಸ್ತರ ಕುತಗಿಗೆ ಬಿಳೀ ಅರಬಿ, ಅರಬಿ ಕೆಳಗ ತೂತು, ತೂತಿನ್ಯಾಗ ಘರ್ರ್ — ಅಸಲಿ ಕಫ, ಈಗ ಅಲ್ಲಿಂದ ಬರ್ತದ, ನುಂಗಾಕೂ ಆಗಂಗಿಲ್ಲ, ನೀತಕ್ಕ ಒರಸಿದ್ಳು, ಇವಾ ಮಾರಿ ಕಿವುಚಿದಾ, ಕಿವುಚಿದ್ದು ಅವರು ನೋಡಿದ್ರು. ಹೊಡೀತಾರ ಅಂದ್ಕೊಂಡಾ, ಹೊಡದಿದ್ರ ಸೀನ್ ಅಲ್ಲೇ ಮುಗೀತಿತ್ತು, ಕಪಾಳಕ್ಕೊಂದು, ಇಂಟರ್ವಲ್ಲು. ಅವರು ಎರಡು ಬೆರಳು ಚಾಚಿ ಇವನ ಗಂಟಲ ಮುಟ್ಟಿದ್ರು, ಮೆಲ್ಲಕ, ಕಳದ ಸಾಮಾನು ಮತ್ತೊಬ್ಬರ ಮನ್ಯಾಗ ಸಿಕ್ರ ಮುಟ್ಟಿ ನೋಡ್ತಾರಲ್ಲ ಹಂಗ, ಬೆರಳಿಗೆ ಇನ್ನೂ ತಪಕೀರಿನ ವಾಸನಿ, ಆ ಜಾಗ ಇನ್ನೂ ತಣ್ಣಗದ, ತೊಳಕೋಬೇಕು, ಬ್ಯಾಡ, ಥೂ, ಯಾರ ಹೇಸಿಗಿ ಇದು, ಅವರ್ದೋ ಇವಂದೋ.

ಶಿವರಾಜ್, ರೆಡಿ. ಇವತ್ತಿನ ಸೀನು — ಮೊಲ, ಹಂದಿಮರಿ ಸೇರಿ ಕುರ್ಚಿಗೆ ಅಂಟು ಬಳದಾವ, ಹೋತಪ್ಪ ಏಳ್ತಾನ, ಪ್ಯಾಂಟು ಹರೀತದ, ಹುಡುಗ್ರು ಕುಣೀತಾವ, ಅವಾ ಮೊಣಕಾಲೂರಿ ಅನಬೇಕು, ಮುದಿ ಹೋತರೀ ನಾ, ನನಗೇನೂ ಬರಂಗಿಲ್ಲ, ಒಂದು ಹಿಡಿ ಹುಲ್ಲು ಹಾಕಿ ಬಿಟ್ಟುಬಿಡ್ರಪ್ಪಾ. ಮೇಡಂ, ಡೈಲಾಗು ಬದಲಿ ಮಾಡೂಣು, ಬ್ಯಾರೆ ಏನರೆ ಹೇಳ್ತೀನಿ, ಹೋತಪ್ಪನ ಬಾಯಿಗೆ ಕುಂಡ್ರಸ್ತೀನಿ. ಆಗೂದಿಲ್ಲ, ಚಾನೆಲಿನವ್ರು ಓಕೆ ಮಾಡಿ ಆಗಿದೆ, ನಿಂಗೆ ಬೇಡಾಂದ್ರೆ ಹೇಳು, ಹೊರಗೆ ಪ್ರಜ್ವಲ ಕೂತಿದ್ದಾನೆ, ಅವ್ನ ಹತ್ರ ಮಾಡಿಸ್ತೇನೆ. ಪ್ರಜ್ವಲ ಮಾಡಿದ್ರ ಅದು ಯಾರರೆ ಮುದುಕ, ಉಗುಳ್ತಾನ ಅವಾ, ನಾಳೆಯಿಂದ ಐದಕ್ಕ ಆ ಅವ್ವ ಅಡಗಿಮನ್ಯಾಗಿಂದ ಓಡಿ ಬರಂಗಿಲ್ಲ. ಇವಾ ಮಾಡಿದ್ರ, ಕಾಡಪ್ಪ ಮಾಸ್ತರ ತಮ್ಮ ಸ್ವಂತ ಧ್ವನಿಯಾಗ, ಸ್ವಂತ ಕಫದಾಗ, ಹೆಂಡತಿ ಓಡಿ ಬಂದು ನಿಂತಾಗ, ನನಗೇನೂ ಬರಂಗಿಲ್ಲ ಅಂತಾರ, ಹುಲ್ಲು ಹಾಕ್ರಿ ಅಂತಾರ. ಎರಡೂ ಕಡೆ ಹೊಲಸು, ಯಾ ಕಡೆ ಕಾಲಿಟ್ರೂ ಪಚಕ್ ಅಂತದ. ಕೆಂಪು ದೀಪ ಹತ್ತಿತು, ಚಿತ್ರ ಓಡ್ತು, ಹೋತಪ್ಪ ಬಾಯಿ ತಗದಾ, ಇವಾ ತಳದಿಂದ ಎಬ್ಬಿಸಿದಾ, ಘರ್ರ್, ನಾಲಗಿ ಮ್ಯಾಲ ಬಂದು ಕುಂತ್ತು, ಬೆಚ್ಚಗ, ದಪ್ಪಗ, ನುಂಗಬೇಕು ಈಗ — ನುಂಗಾಕ ಆಗವಲ್ದು. ಕಟ್, ಏನಾಯ್ತು ಮಾರಾಯ, ಇನ್ನೊಮ್ಮೆ. ಚಿತ್ರ ಮತ್ತ ಮೊದಲಿಂದ, ಹೋತಪ್ಪ ಮತ್ತ ಬಾಯಿ ತಗದಾ, ಗಾಜಿನ ಆಚಿ ಏನೋ ಅಲುಗಾಡ್ತು, ನೋಡಬಾರದು, ನೋಡಿದಾ, ಕಾಡಪ್ಪ ಮಾಸ್ತರ, ಕೋಟಿನ ಗುಂಡಿ ಹಾಕ್ಕೊಂಡು ನೆಟ್ಟಗ ಕುಂತಾರ, ಕಣ್ಣು ಹೋತಪ್ಪನ ಮ್ಯಾಲ, ದಿನಾ ಐದಕ್ಕ ನೋಡಿ ನೋಡಿ ಟೈಮಿಂಗ್ ಕಲತಾರ, ಕೂದಲೆಳಿ ತಪ್ಪಿಲ್ಲ, ಅವನ ಕೂಡ ತಾವೂ ಬಾಯಿ ತಗದಾರ, ಒಳಗ ನಾಲಗಿ ಬೆಳ್ಳಗ, ಖಡು ತಿಂದಂಗ, ತಗದವ್ರು ಹಂಗ ಕುಂತಾರ, ಇವನ ನಾಲಗಿ ಮ್ಯಾಲ ಅದು ಕುಂತದ, ಇನ್ನೊಮ್ಮೆ, ಚಿತ್ರ ಮೊದಲಿಂದ, ಹೋತಪ್ಪ ಬಾಯಿ ತಗದಾನ, ಮಾಸ್ತರು ಬಾಯಿ ತಗದಾರ, ಇನ್ನೊಮ್ಮೆ, ಬಾಯಿ ತಗದಾನ, ಬಾಯಿ ತಗದಾರ, ಬೆಳ್ಳನ್ನ ನಾಲಗಿ, ಧ್ವನಿ ಬೀಳೂದನ್ನ ಕಾಯಾಕತ್ಯಾರ, ಬಾಯಿ ತಗದು