ಗುಲಾಬಿ ಎಲೆಗೆ ಬಿದ್ದ ಕತ್ತರಿ

ಮೂವತ್ತು ವರ್ಷ ಬಸ್ಸಿನಲ್ಲಿ ಟಿಕೆಟ್ ಹರಿದು ನಿವೃತ್ತನಾದ ಕಂಡಕ್ಟರನಿಗೆ ಈಗ ಮಹಡಿ ಮೇಲಿನ ಹನ್ನೊಂದು ಕುಂಡಗಳೇ ಲೋಕ. ಅದರಲ್ಲೂ ಹಳದಿ ಗುಲಾಬಿ ಎಂದರೆ ಪಂಚಪ್ರಾಣ. ಒಂದು ಬೆಳಿಗ್ಗೆ ನೀರು ಹಾಕಲು ಹೋದವನು ಚೊಂಬು ಹಿಡಿದು ಹಾಗೇ ನಿಂತುಬಿಟ್ಟ. ಐದಾರು ಎಲೆಗಳ ಅಂಚಿನಲ್ಲಿ ಅರ್ಧಚಂದ್ರದಂತೆ ನುಣ್ಣಗೆ ಕತ್ತರಿಸಿದ ಗುರುತು. ಹುಳ ತಿಂದಿದ್ದರೆ ಹರಕುಮುರುಕಾಗಿರಬೇಕಿತ್ತು. ಇದು ಕತ್ತರಿಯ ಕೆಲಸವೇ ಸರಿ.

ಅನುಮಾನ ನೇರವಾಗಿ ಕೆಳಮನೆಯ ಅಕ್ಕನ ಮೇಲೆ ಹೋಯಿತು. ಗುಲಾಬಿಯ ಒಂದು ಕಡ್ಡಿ ಕೊಡು ಎಂದು ಅವಳು ಎರಡು ತಿಂಗಳ ಹಿಂದೆ ಕೇಳಿದ್ದಳು. ಗಿಡ ಇನ್ನೂ ಎಳೆಯದು, ಮುಂದೆ ನೋಡೋಣ ಎಂದು ಇವನು ಜಾರಿಕೊಂಡಿದ್ದ. ಆ ಸಿಟ್ಟನ್ನು ಎಲೆಗಳ ಮೇಲೆ ತೀರಿಸಿಕೊಂಡಿರಬೇಕು. ಬಟ್ಟೆ ಒಣಹಾಕಲು ದಿನಾ ಮಹಡಿಗೆ ಬರುವವಳೂ ಅವಳೊಬ್ಬಳೇ. ಬಾಯಿಬಿಟ್ಟು ಕೇಳಲು ಧೈರ್ಯ ಸಾಲದೆ ಮೂರು ದಿನ ಮುಖ ಗಂಟಿಕ್ಕಿಕೊಂಡು ಓಡಾಡಿದ.

ಪ್ರತಿ ಶನಿವಾರ ಬೆಳಿಗ್ಗೆ ಗ್ರಂಥಾಲಯದ ಜಗಲಿಯಲ್ಲಿ ತೋಟಗಾರಿಕೆ ಇಲಾಖೆಯಿಂದ ನಿವೃತ್ತರಾದ ಒಬ್ಬ ಮೇಡಂ ಮೇಜು ಹಾಕಿಕೊಂಡು ಕೂರುತ್ತಿದ್ದರು. ರೋಗ ಬಂದ ಗಿಡದ ಎಲೆ, ಕಾಂಡ ತಂದವರಿಗೆಲ್ಲ ಸಲಹೆ ಕೊಡುವ ಅವರನ್ನು ಜನ ಗಿಡದ ಡಾಕ್ಟರಮ್ಮ ಎನ್ನುತ್ತಿದ್ದರು. ಆ ಶನಿವಾರ ಕಂಡಕ್ಟರ್ ಪೇಪರಿನಲ್ಲಿ ಮಡಚಿ ತಂದ ಎಲೆಯನ್ನು ಅವರ ಮುಂದಿಟ್ಟ.

ಭೂತಗನ್ನಡಿ ಹಿಡಿದು ನೋಡುತ್ತಾ ಅವರು ಕೇಳಿದರು, "ಮದ್ದು ಏನಾದ್ರೂ ಹೊಡೆದ್ರಾ?"

"ಇಲ್ಲ. ಹುಳ ಆಗಿದ್ರೆ ತಾನೇ ಹೊಡೆಯೋದು? ಇದು ಮನುಷ್ಯರ ಕೈವಾಡ."

"ಕೈವಾಡ ಅಲ್ಲ, ಬಾಯಿವಾಡ," ಎಂದು ಡಾಕ್ಟರಮ್ಮ ನಕ್ಕರು. "ಇದು ಒಂದು ಜಾತಿ ಜೇನಿನ ಕೆಲಸ. ಎಲೆ ತಿನ್ನಲ್ಲ, ಕತ್ತರಿಸಿಕೊಂಡು ಹೋಗಿ ಮರಿಗಳಿಗೆ ಗೂಡು ಮಾಡುತ್ತೆ. ಗಿಡಕ್ಕೇನೂ ಆಗಲ್ಲ, ಮದ್ದು ಬೇಡ. ಅನುಮಾನ ಇದ್ರೆ ಬಿಸಿಲೇರಿದ ಮೇಲೆ ಗಿಡದ ಪಕ್ಕ ಕೂತು ನೋಡಿ."

ಮನೆಗೆ ಬಂದವನೇ ಮಹಡಿಯಲ್ಲಿ ಕುರ್ಚಿ ಹಾಕಿ ಕೂತ. ಬಟ್ಟೆಯ ಬಕೆಟ್ ಹಿಡಿದು ಬಂದ ಅಕ್ಕ, "ಯಾರನ್ನೋ ಕಾಯ್ತಿದ್ದೀಯಾ?" ಎಂದಳು.

"ಕಳ್ಳನ್ನ."

ಅಕ್ಕನೂ ಬಟ್ಟೆಯನ್ನು ತಂತಿಗೆ ಹಾಕಿ, ಖಾಲಿ ಬಕೆಟ್ ಬೋರಲು ಹಾಕಿಕೊಂಡು ಕೂತಳು. ಅರ್ಧ ಗಂಟೆಯಾಗಿರಬಹುದು, ಕಂದು ಬಣ್ಣದ ಜೇನೊಂದು ಗುಂಯ್ ಎಂದು ಬಂದು ಎಲೆಯ ಅಂಚು ಹಿಡಿಯಿತು. ಕಣ್ಣು ಮಿಟುಕಿಸುವಷ್ಟರಲ್ಲಿ ಗುಂಡಗೆ ಒಂದು ತುಂಡು ಕತ್ತರಿಸಿ, ಹೊಟ್ಟೆಯ ಕೆಳಗೆ ಮಡಚಿ ಹಿಡಿದು, ಗೋಡೆಯ ಹಳೇ ಮೊಳೆ ತೂತಿನೊಳಗೆ ನುಗ್ಗಿತು. ಇಬ್ಬರೂ ಉಸಿರು ಬಿಗಿಹಿಡಿದು ನೋಡಿದರು.

"ಅಕ್ಕಾ, ನಾನು ನಿನ್ನ ಮೇಲೆ ಅನುಮಾನಪಟ್ಟಿದ್ದೆ," ಎಂದ ಕಂಡಕ್ಟರ್, ತಲೆ ತಗ್ಗಿಸಿ.

ಅಕ್ಕ ಕೂತಲ್ಲಿಂದಲೇ ಅವನತ್ತ ತಿರುಗಿದಳು. "ಎಲೆ ಮುಟ್ಟಿಲ್ಲ ಕಣೋ. ಆದ್ರೆ ಹೋದ ತಿಂಗಳು ಒಂದು ಕಡ್ಡಿ ಮುರ್ಕೊಂಡು ಹೋಗಿದ್ದೆ. ಅಡುಗೆಮನೆ ಕಿಟಕೀಲಿ ಚಿಗುರಿದೆ."

ಅವನು ಅವಳ ಮುಖ ನೋಡಿದ. ಹೊಟ್ಟೆಯೊಳಗಿಂದ ನಗು ಉಕ್ಕಿ ಬಂತು. ಅಕ್ಕನೂ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು.

"ಯಾವುದರಲ್ಲಿ ನೆಟ್ಟಿದ್ದೀಯಾ?"

"ಒಡೆದ ಲೋಟದಲ್ಲಿ."

"ಅಯ್ಯೋ, ಬೇರಿಗೆ ಜಾಗ ಸಾಲಲ್ಲ," ಎಂದು ಎದ್ದ ಕಂಡಕ್ಟರ್, ಮೂಲೆಯಲ್ಲಿದ್ದ ಖಾಲಿ ಕುಂಡವನ್ನು ಎತ್ತಿಕೊಂಡು ಅಕ್ಕನಿಗಿಂತ ಮೊದಲೇ ಮೆಟ್ಟಿಲಿಳಿದ.